ಜೇಬು ಇರಲಿ

ನನ್ನ ಬೀರುವಿನಲ್ಲಿ ಐದು ಮದುವೆಗಳು ನೇತಾಡುತ್ತಿವೆ.
ಏಪ್ರಿಕಾಟ್ ಬಣ್ಣದ್ದು ಮಾವನ ಮಗಳದು.
ನೇರಳೆ ಸ್ಯಾಟಿನ್ನು ಸ್ಲೈಗೋದ್ದು, ಆ ಜೋಡಿ ಈಗ
ಮಾತಾಡುವುದು ವಕೀಲರ ಮೂಲಕ.
ಬೆನ್ನಿಗೆ ದೊಡ್ಡ ಗಂಟು ಬಿಗಿದ ಗುಲಾಬಿ,
ಕೂತರೆ ಉಸಿರಾಡಲು ಬಿಡದ ಬೆಳ್ಳಿ.
ಇನ್ನೊಂದರ ಬಣ್ಣವನ್ನು ಅಂಗಡಿಯವಳು
ಶಾಂಪೇನ್ ಅಂದಿದ್ದಳು,
ನನಗೆ ಕಂಡದ್ದು ಆರಿದ ಗಂಜಿ.
ಒಂದೊಂದೂ ಒಂದೊಂದೇ ದಿನ ಬದುಕಿತು.
ಚಿಟ್ಟೆಗಾದರೂ ವಾರ ಸಿಗುತ್ತದೆ.

ಹಾಗಾಗಿ ಡರ್ವ್ಲಾ,
ಕಿಲಿಬೆಗ್ಸ್ ಬಂದರಿನ ಬಂಗುಡೆ ಕಾರ್ಖಾನೆಯಲ್ಲಿ
ಹನ್ನೊಂದು ವರ್ಷ ನನ್ನೆದುರು ನಿಂತು ಪೆಟ್ಟಿಗೆ ಮುಚ್ಚಿದವಳು,
ಕೈಗವಸು ಕಳಚದೆ,
"ನೀವು ನಾಲ್ವರೂ ನನ್ನ ಹಿಂದೆ ನಡೀಬೇಕು,
ಆದ್ರೆ ಮತ್ತೆ ಹಾಕ್ಕೊಳ್ಳೋ ಅಂಥದ್ದನ್ನೇ ಆರಿಸ್ಕೊಳ್ಳಿ,
ನನ್ನ ಒಂದು ದಿನಕ್ಕೆ ನಿಮ್ಮ ತಿಂಗಳ ಸಂಬಳ ಬೇಡ"
ಅಂದಾಗ ನಾನು ನಂಬಲಿಲ್ಲ.
ಎಲ್ಲ ಮದುಮಗಳೂ ಹಾಗೇ ಅನ್ನುತ್ತಾರೆ.
ಮಂಜುಗಡ್ಡೆಯ ಯಂತ್ರ ಗುಡುಗುತ್ತಿತ್ತು.

ಶನಿವಾರ ಸೊರಕಳ ವ್ಯಾನಿನಲ್ಲಿ ಲೆಟರ್ಕೆನಿಗೆ ಹೋದೆವು.
ಮತ್ತೆ ಹಾಕುವುದು ಅಂದರೆ ಎಲ್ಲಿಗೆ?
ದಾರಿಯುದ್ದ ಅದೇ ಜಗಳ.
ಸೊರಕ ಚರ್ಚಿನಲ್ಲಿ ಹಾಡುತ್ತಾಳೆ, ತುಂಬುತೋಳು ಬೇಕು.
ಬ್ರೀಜ್‌ಗೆ ಮೂರು ತಿಂಗಳ ಕೂಸು, ಎದೆಗೆ ಗುಂಡಿ ಬೇಕು,
ಕಕ್ಕಿದರೆ ಮನೆಯಲ್ಲೇ ಒಗೆಯುವಂತಿರಬೇಕು.
ಆಯ್ನಾ ಹ್ಯಾಂಗರುಗಳನ್ನು ಸರಿಸುತ್ತಲೇ ಇದ್ದಳು.
ಬಹಳ ಹೊತ್ತಿನ ಮೇಲೆ, ಕನ್ನಡಿಗೆ ಹೇಳುವಂತೆ,
"ಕೋರ್ಟಿಗೆ ಆಗೋ ಅಂಥದ್ದು. ಅಕ್ಟೋಬರಿಗೆ ತಾರೀಖು ಕೊಟ್ಟಿದ್ದಾರೆ.
ನ್ಯಾಯಾಧೀಶರ ಮುಂದೆ ಮಿನುಗಬಾರದು."
ಆಮೇಲೆ ಯಾರೂ ಹರಳು ಹೊಲಿದ ಸಾಲಿನ ಕಡೆ ಕೈ ಚಾಚಲಿಲ್ಲ.

ನನಗೆ ಜೇಬು ಬೇಕು, ಅಂದೆ.
ಅಷ್ಟೇನಾ?
ಅಷ್ಟೇ.
ಐದು ಮದುವೆಗಳಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ
ಬೇರೆಯವರ ಹೂಗುಚ್ಛ ಹಿಡಿದು ನಿಂತವಳು ನಾನು.

ಸಿಕ್ಕಿದ್ದು ಬಾಟಲಿ ಹಸಿರು,
ತುಂಬುತೋಳು, ಮುಂದೆ ಎಂಟು ಗುಂಡಿ,
ಮೊಣಕಾಲಿನ ಕೆಳಗೆ ಎರಡು ಬೆರಳು.
ಜೇಬು ಮಾತ್ರ ಇಲ್ಲ.
ಬಂದರಿನ ಹಿಂದಿನ ಓಣಿಯಲ್ಲಿ ನೂಲಾ ಅಂತ ಮುದುಕಿ,
ಬಲೆ ನೇಯ್ದ ಕೈಯಲ್ಲೇ ಬಟ್ಟೆ ಹೊಲಿಯುತ್ತಾಳೆ.
ಸೂಜಿ ತುಟಿಯಲ್ಲಿ ಕಚ್ಚಿಕೊಂಡೇ ಕೇಳಿದಳು,
"ಒಳಗಿನ ಬಟ್ಟೆಗೆ ಏನಿದೆ ನಿನ್ನ ಹತ್ರ?"
ಏಪ್ರಿಕಾಟನ್ನು ಒಯ್ದು ಕೊಟ್ಟೆ.
ಕತ್ತರಿ ಹರಿದಾಗ ಕರುಳು ಚುರ್ ಅನ್ನಬೇಕಿತ್ತು.
ಅನ್ನಲಿಲ್ಲ.

ಮದುವೆಯ ದಿನ ಚರ್ಚಿನ ಬಾಗಿಲಲ್ಲಿ
ಡರ್ವ್ಲಾ ತನ್ನ ಬಿಳಿಯ ನೆರಿಗೆಗಳನ್ನು
ಗಾಳಿಯ ಕೈಯಿಂದ ಕಿತ್ತುಕೊಳ್ಳುತ್ತ ನಕ್ಕಳು,
"ನೋಡ್ರೇ, ಇನ್ನೊಮ್ಮೆ ಹಾಕೋಕಾಗದ್ದು ನನ್ನದೊಂದೇ."

ಸೊರಕ ಮೂರು ಭಾನುವಾರ ಹಾಡಿದಳು.
ಬ್ರೀಜಳ ಎಡ ಹೆಗಲಲ್ಲಿ ಹಾಲಿನ ಕಲೆ, ಹೋಗಿಲ್ಲ.
ಆಯ್ನಾಳಿಗೆ ಮನೆ ಉಳಿಯಿತು,
ಅದರಲ್ಲಿ ಬಟ್ಟೆಯ ಪಾಲೇನೂ ಇಲ್ಲ ಅಂದರು ವಕೀಲರು,
ಅವಳು ಒಪ್ಪುವುದಿಲ್ಲ.
ನಾನು ಹಟಕ್ಕೆ ಬಿದ್ದು
ಹಲ್ಲು ಕೀಳಿಸಲಿಕ್ಕೂ ಅದನ್ನೇ ಹಾಕಿಕೊಂಡು ಹೋದೆ.

ಫೆಬ್ರವರಿಯ ಒಂದು ರಾತ್ರಿ ಡರ್ವ್ಲಾ ಬಾಗಿಲಿಗೆ ಬಂದಳು.
"ನಿನ್ನ ಹಸಿರು ಒಂದು ದಿನಕ್ಕೆ ಕೊಡ್ತೀಯಾ?"
ಎಲ್ಲಿಗೆ ಅಂತ ಅವಳು ಹೇಳಲಿಲ್ಲ.
ಬಾಯ ತುದಿಗೆ ಬಂದದ್ದನ್ನು ನಾನು ನುಂಗಿದೆ.
ಗುರುವಾರ ವಾಪಸು ಬಂತು,
ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ.
ಬಲಗಡೆಯ ಜೇಬಿನಲ್ಲಿ, ಏಪ್ರಿಕಾಟಿನ ಕತ್ತಲಲ್ಲಿ,
ಉಗುರಷ್ಟು ಚಿಕ್ಕದಾಗಿ ಮಡಿಚಿದ ಬಸ್ಸಿನ ಟಿಕೇಟು:
ಡೆರಿ, ಹೋಗಿಬರಲು, ಒಬ್ಬರಿಗೆ.

ಬಿಚ್ಚಿದಂತೆಯೇ ಮತ್ತೆ ಮಡಿಚಿ ಅಲ್ಲೇ ಇಟ್ಟೆ.

ಸೋಮವಾರ ಬಂಗುಡೆಯ ಸಾಲು ಹರಿದು ಬರುತ್ತಿತ್ತು.
ಪೆಟ್ಟಿಗೆ ಮುಚ್ಚುತ್ತ, ತಲೆಯೆತ್ತದೆ, ಅವಳೆಂದಳು,
"ಜೇಬು ಇಡಿಸಿದ್ದು ಒಳ್ಳೇದಾಯ್ತು ಕಣೇ."